ಎರಡು ಹಗ್ಗದ ತರಗತಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವ ಸಂಗತಿಯಲ್ಲಿ ಅರ್ಧ ತಪ್ಪು ಆ ಕೋಪದ್ದು. ಉಳಿದರ್ಧವೂ ನನ್ನದೇ. ಆದರೂ ಇಷ್ಟು ವರ್ಷ ಗಣಿತ ಕಲಿಸಿದ್ದರಲ್ಲಿ ಎದೆ ತಟ್ಟಿ ಹೇಳಿಕೊಳ್ಳುವ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಸಮುದ್ರದ ದಡದ ಶಾಲೆಯೊಂದರ ಒಂಬತ್ತನೇ ತರಗತಿಯನ್ನೇ ತೋರಿಸುತ್ತೇನೆ. ಜಂಬ ಎಂದರೆ ಜಂಬ. ನನಗೇನೂ ನಾಚಿಕೆಯಿಲ್ಲ.

ನಾನು ಹುಟ್ಟಿದ್ದು ಕೋಟದ ಹತ್ತಿರ, ದೇವಸ್ಥಾನದ ಚಾಕರಿಯ ಮನೆಯಲ್ಲಿ. ಅಪ್ಪ ಜಪಕ್ಕೆ ಕೂತರೆ ನಾವು ಮಕ್ಕಳು ತುದಿಗಾಲಲ್ಲಿ ನಡೆಯಬೇಕಿತ್ತು. ಪಾತ್ರೆ ಕೆಳಗೆ ಬಿದ್ದರೆ ಅದು ಬಿದ್ದದ್ದಕ್ಕಿಂತ ಸದ್ದಾದದ್ದೇ ದೊಡ್ಡ ಅಪರಾಧ. ನಮ್ಮ ಮನೆಯಲ್ಲಿ ಒಳ್ಳೆಯ ಮಗು ಎಂದರೆ ಸದ್ದು ಮಾಡದ ಮಗು. ಬ್ರಹ್ಮಾವರದ ಕಡೆಯ ಶಾಲೆಯಲ್ಲಿ ಹತ್ತು ವರ್ಷ ಕಲಿಸಿದಾಗಲೂ ನಾನು ಇದೇ ಲೆಕ್ಕಾಚಾರ ಇಟ್ಟುಕೊಂಡಿದ್ದೆ. ಕ್ಲಾಸು ಸುಮ್ಮನಿದೆ ಎಂದರೆ ಪಾಠ ಚೆನ್ನಾಗಿ ನಡೆದಿದೆ ಎಂದೇ ಅರ್ಥ.

ನಾಲ್ಕು ವರ್ಷದ ಹಿಂದೆ ವರ್ಗವಾಗಿ ಬೈಂದೂರು ಕಡೆಯ ಆ ಸರ್ಕಾರಿ ಪ್ರೌಢಶಾಲೆಗೆ ಬಂದೆ. ನನ್ನ ಮನೆಯಿರುವ ಸಾಲಿಗ್ರಾಮದಲ್ಲಿ ಒಂದು ಬಸ್ಸು, ಕುಂದಾಪುರದಲ್ಲಿ ಇಳಿದು ಇನ್ನೊಂದು ಬಸ್ಸು, ಹೆದ್ದಾರಿಯಿಂದ ಸಮುದ್ರದ ಕಡೆಗೆ ಒಂದು ಮೈಲಿ ನಡಿಗೆ. ಒಂಬತ್ತನೇ ತರಗತಿಗೆ ನಾನೇ ಕ್ಲಾಸ್ ಟೀಚರ್. ನಲವತ್ತೊಂದು ಮಕ್ಕಳು, ಹೆಚ್ಚಿನವರು ಮೀನುಗಾರರ ಮನೆಯವರು. ಮೊದಲ ದಿನ ನಾನು ಹಲಗೆಯ ಕಡೆ ತಿರುಗಿದ್ದೇ ತಡ, ಹಿಂದಿನಿಂದ ಒಂದು ಗುಂಯ್‌ಗುಡುವ ಸದ್ದು ಶುರುವಾಯಿತು. ಬಾಯಿ ಮುಚ್ಚಿಕೊಂಡು ಮಾಡುವ ಸದ್ದು. ತಿರುಗಿದರೆ ನಲವತ್ತೊಂದು ಮುಖವೂ ಬೆಣ್ಣೆ ತಿಂದ ಕೃಷ್ಣನ ಹಾಗೆ. ಮತ್ತೆ ಹಲಗೆಗೆ ತಿರುಗಿದೆ, ಮತ್ತೆ ಶುರು. ಎತ್ತುವವರು ಒಬ್ಬರು, ಹಿಡಿಯುವವರು ನಲವತ್ತು ಜನ.

ಎತ್ತುವವಳು ಯಾರು ಎಂದು ಪತ್ತೆ ಮಾಡಲು ನನಗೆ ಎರಡು ವಾರ ಬೇಕಾಯಿತು. ಕೊನೆಯ ಬೆಂಚಿನ ಹುಡುಗಿ, ಎರಡು ಜಡೆ, ಕಣ್ಣಲ್ಲಿ ಚೂರೂ ಹೆದರಿಕೆಯಿಲ್ಲ. ಅಮ್ಮ ಸ್ಕೂಟರಿನಲ್ಲಿ ಮೀನು ಹೇರಿಕೊಂಡು ಊರೂರಿಗೆ ಮಾರುವವರು. ಹುಡುಗಿಯನ್ನು ಬೆಂಚಿನ ಮೇಲೆ ನಿಲ್ಲಿಸಿದರೆ ಮೇಲೆ ನಿಂತು ಇಡೀ ಕ್ಲಾಸಿಗೆ ಕಣ್ಸನ್ನೆ ಮಾಡುತ್ತಿದ್ದಳು. ಹೊರಗೆ ಕಳಿಸಿದರೆ ಕಿಟಕಿಯಿಂದ ಉತ್ತರ ಹೇಳುತ್ತಿದ್ದಳು. ತರಬೇತಿಯಲ್ಲಿ ಕಲಿಸಿದ್ದು ನೆನಪಾಗಿ, ಅವಳ ಗುಂಪನ್ನು ಒಡೆದು ನಾಲ್ಕು ಜನರನ್ನು ನಾಲ್ಕು ಮೂಲೆಗೆ ಕೂರಿಸಿದೆ. ಒಂದು ಮೂಲೆಯಲ್ಲಿದ್ದ ಗಲಾಟೆ ಅಂದಿನಿಂದ ನಾಲ್ಕೂ ಮೂಲೆಯಿಂದ ಬರತೊಡಗಿತು. ನನ್ನ ಬುದ್ಧಿವಂತಿಕೆಗೆ ನಾನೇ ಹಣೆ ಚಚ್ಚಿಕೊಂಡೆ.

ಮುಂದಿನ ಬೆಂಚಿನಲ್ಲಿ ಇನ್ನೊಬ್ಬ ಹುಡುಗಿಯಿದ್ದಳು. ಕೈ ಕಟ್ಟಿ ಕೂತರೆ ಗಂಟೆ ಹೊಡೆಯುವವರೆಗೆ ಅಲುಗದವಳು. ಪುಸ್ತಕಕ್ಕೆ ಅಂದದ ಬೈಂಡು, ಅಕ್ಷರ ಮುತ್ತಿನಂಥದ್ದು. ನಾನು ದಿನಕ್ಕೊಮ್ಮೆಯಾದರೂ ಅವಳನ್ನು ತೋರಿಸಿ, "ಇವಳನ್ನು ನೋಡಿ ಕಲಿಯಿರಿ" ಎನ್ನುತ್ತಿದ್ದೆ. ಅವಳು ತಲೆ ತಗ್ಗಿಸುತ್ತಿದ್ದಳು. ವಿನಯ ಎಂದುಕೊಂಡಿದ್ದೆ.

ಹೆಡ್‌ಮಾಸ್ಟರು ಹಾಸನ ಕಡೆಯವರು, ಕೆಟ್ಟ ಮನುಷ್ಯರೇನಲ್ಲ. ಆದರೆ ಹತ್ತನೇ ತರಗತಿಯ ಫಲಿತಾಂಶದ ಚಿಂತೆ ಅವರನ್ನು ಹಗಲೂ ರಾತ್ರಿಯೂ ಬಿಡುತ್ತಿರಲಿಲ್ಲ. ನಾನು ಆ ಹುಡುಗಿಯ ಮೇಲೆ ಎರಡು ಸಲ ದೂರು ಕೊಟ್ಟಿದ್ದೆ. ಎರಡನೇ ಸಲ ಅವರು, "ಮೇಡಂ, ಎಂಟನೇ ತರಗತಿವರೆಗೆ ಯಾರನ್ನೂ ಕಳಿಸೋ ಹಾಗಿಲ್ಲ. ಒಂಬತ್ತಕ್ಕೆ ಆ ತೊಂದರೆ ಇಲ್ಲ. ಇನ್ನೊಂದು ಸಲ ಆದ್ರೆ ಟಿಸಿ ಬರೆದುಬಿಡೋಣ," ಎಂದಿದ್ದರು.

ಇನ್ನೊಂದು ಸಲ ಆಗಲು ಹೆಚ್ಚು ದಿನ ಬೇಕಾಗಲಿಲ್ಲ. ನಮ್ಮ ಶಾಲೆಗಳಲ್ಲಿ ಹಳೆಯ ಉಪಾಯವೊಂದಿದೆ. ಟೀಚರ್ ಇಲ್ಲದಾಗ ಲೀಡರ್ ಹಲಗೆಯ ಮೇಲೆ ಮಾತಾಡಿದವರ ಹೆಸರು ಬರೆಯುವುದು, ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದೊಂದು ಗೀಟು ಹಾಕುವುದು. ಬಾಯಾಳಿಯ ಕೈಗೇ ಸೀಮೆಸುಣ್ಣ ಕೊಟ್ಟರೆ ಅವಳ ಬಾಯಿ ನಿಲ್ಲುತ್ತದೆ ಎಂದು ನಾನು ಆ ಕೆಲಸವನ್ನು ಅವಳಿಗೇ ಒಪ್ಪಿಸಿದೆ. "ನಾನು ಕ್ಲಾಸಿನಲ್ಲಿ ಇದ್ದಾಗಲೂ ಬರೆಯುತ್ತಿರು. ಮಾತಾಡಿದವರು ಯಾರೇ ಆಗಲಿ, ಬಿಡಬೇಡ" ಎಂದೆ. ಅಂದು ಪುಸ್ತಕ ನೋಡಿಯೇ ಪಾಠ ಮಾಡಿದೆ. ಅವಧಿ ಮುಗಿದು ತಿರುಗಿ ನೋಡಿದರೆ ಹಲಗೆಯ ಮೂಲೆಯಲ್ಲಿ ಒಂದೇ ಹೆಸರಿತ್ತು. 'ಟೀಚರ್'. ಅದರ ಮುಂದೆ ಗೀಟುಗಳು ಸಾಲಾಗಿ ಹಲಗೆಯ ಅಂಚಿನವರೆಗೆ ಹೋಗಿದ್ದವು.

ಅವಳು ನಗಲೂ ಇಲ್ಲ.

"ನೀವೇ ಹೇಳದ್ದಲ್ದಾ ಟೀಚರ್ರೆ, ಮಾತಾಡ್ದರ್ ಯಾರಾರೂ ಬಿಡ್ಬೇಡ ಅಂದೇಳಿ? ಇವತ್ತ್ ನೀವೊಬ್ರೇ ಮಾತಾಡದ್ದ್."

ಈಗ ನೆನೆದರೆ ನಗು ಬರುತ್ತದೆ. ಆವತ್ತು ಮೈಯೆಲ್ಲ ಉರಿಯಿತು. ಸೀದಾ ಹೆಡ್‌ಮಾಸ್ಟರ ಕೋಣೆಗೆ ಹೋದೆ. ಅವರು ಟಿಸಿ ಪುಸ್ತಕ ತೆಗೆದು ಬರೆಸಿದರು, ಕ್ಲಾಸ್ ಟೀಚರ್ ಬರೆಯಬೇಕಾದ ಕಡೆ ನಾನು ಬರೆದು ಸಹಿ ಹಾಕಿದೆ. ಹಾಕುವಾಗ ಎರಡು ಸಲ ಯೋಚಿಸಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಮರುದಿನ ಹುಡುಗಿಯ ಅಮ್ಮ ಬಂದರು. ಮೀನು ಮಾರಿ ಬಂದವರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲೇ ನಿಂತರು. ಅಳುತ್ತಾರೆ, ಕಾಲಿಗೆ ಬೀಳುತ್ತಾರೆ ಎಂದುಕೊಂಡಿದ್ದೆ. ಎರಡೂ ಇಲ್ಲ.

"ನನ್ ಹೆಣ್ಣ್ ಕಳ್ಳಿ ಅಲ್ಲ, ಸುಳ್ಳ್ ಹೇಳುದಿಲ್ಲೆ," ಎಂದರು. "ಬಾಯಿ ಒಂದ್ ದೊಡ್ಡದಿತ್ತ್, ಅದ್ ನಂದೇ ಬಾಯಿ. ಮೀನ್ ಮಾರುಕೆ ಸಣ್ಣ ಬಾಯಿ ಸಾಕಾತಿಲ್ಲೆ ಟೀಚರ್ರೆ. ನೀವ್ ಬ್ಯಾಡ ಅಂದ್ರೆ ಶಿರೂರಂಗೆ ನನ್ ತಂಗಿ ಒಟ್ಟಿಗೆ ಚಟ್ಲಿ ಸುಲುಕೆ ಹೋತ್. ಮತ್ತೆಂತ ಮಾಡುದ್?"

ಚಟ್ಲಿ ಎಂದರೆ ಸಿಗಡಿ. ಶೆಡ್ಡಿನಲ್ಲಿ ಕೂತು ಬೆಳಗಿಂದ ಸಂಜೆವರೆಗೆ ಅದರ ಸಿಪ್ಪೆ ಬಿಡಿಸುವ ಹೆಂಗಸರನ್ನು ನಾನು ನೋಡಿದ್ದೇನೆ. ಕೈಬೆರಳಿನ ತುದಿಗಳು ನೆನೆದು ಬೆಳ್ಳಗಾಗಿರುತ್ತವೆ. ಹದಿನಾಲ್ಕು ವರ್ಷದ ಹುಡುಗಿ ಅಲ್ಲಿ ಕೂರುವುದು ನನ್ನ ಒಂದು ಸಹಿಯಿಂದ. ಅದೂ ಯಾವ ತಪ್ಪಿಗೆ? ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದಕ್ಕೆ. ಹೆಡ್‌ಮಾಸ್ಟರ ಸಹಿ ಇನ್ನೂ ಆಗದ್ದರಿಂದ ಟಿಸಿ ಅಂದು ಕೈಗೆ ಸಿಗಲಿಲ್ಲ. ಅಮ್ಮ ಹೋದ ಮೇಲೆ ನನಗೆ ಊಟ ಸೇರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅವರ ಮನೆ ಹುಡುಕಿಕೊಂಡು ಹೋದೆ. ಹೋಗಿ ಏನು ಹೇಳಬೇಕೆಂದು ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲ, ಕೇರಿಯ ಯಾವ ಮನೆಯಲ್ಲೂ ಇಲ್ಲ. ಎಲ್ಲರೂ ದಡದಲ್ಲಿದ್ದರು. ಅಂದು ಕೈರಂಪಣಿ ಬಿಟ್ಟಿದ್ದರು. ದೋಣಿಯಲ್ಲಿ ಬಲೆಯನ್ನು ಸಮುದ್ರದೊಳಗೆ ಒಯ್ದು ಅರ್ಧಚಂದ್ರದ ಹಾಗೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತ ಎರಡು ಸಾಲು ಜನ ಎಳೆಯುವ ಮೀನುಗಾರಿಕೆ ಅದು. ಬಸ್ಸಿನ ಕಿಟಕಿಯಿಂದ ದೂರದಲ್ಲಿ ಎಷ್ಟೋ ಸಲ ಕಂಡಿದ್ದೆ. ಹತ್ತಿರ ನಿಂತು ನೋಡಿದ್ದು ಅದೇ ಮೊದಲು.

ಏನು ಸದ್ದು ಅಂತೀರಿ! ಒಂದು ಸಾಲಿನಲ್ಲಿ ನನ್ನ ಕ್ಲಾಸಿನ ಆ ಹುಡುಗಿಯೇ ಕೂಗು ಎತ್ತುತ್ತಿದ್ದಳು, ಉಳಿದವರು ಅದನ್ನು ಹಿಡಿದು ಎಳೆಯುತ್ತಿದ್ದರು. ಆಚೆ ಸಾಲಿನಲ್ಲಿ ಇನ್ನೊಬ್ಬರು ಎತ್ತುತ್ತಿದ್ದರು. ಎರಡೂ ಸಾಲಿನ ನಡುವೆ ಅವಳ ಅಜ್ಜ, ಹೆಗಲ ಮೇಲಿನ ಬೈರಾಸು ಟವೆಲನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದರು. ಒಂದು ಸಲವೂ ಕೂಗಲಿಲ್ಲ. ಒಮ್ಮೆ ಬಲಗೈ ಎತ್ತಿದರು, ಬಲದ ಹಗ್ಗ ನಿಂತಿತು. ಇನ್ನೊಮ್ಮೆ ಎರಡೂ ಕೈ ಎತ್ತಿದರು. ಅರುವತ್ತು ಜನರ ಬಾಯಿ ಒಂದೇ ಗಳಿಗೆಗೆ ಮುಚ್ಚಿತು, ತೆರೆಯ ಸದ್ದೊಂದೇ ಉಳಿಯಿತು. ಹತ್ತು ವರ್ಷದಿಂದ ಡಸ್ಟರನ್ನು ಮೇಜಿಗೆ ಕುಟ್ಟಿ ಕುಟ್ಟಿ ಭುಜ ನೋಯಿಸಿಕೊಂಡ ನನಗೆ ಹೊಟ್ಟೆಕಿಚ್ಚಾಯಿತು.

ಅಜ್ಜನ ಹತ್ತಿರ ಹೋಗಿ ನಮ್ಮ ಮನೆಮಾತಿನಲ್ಲೇ ಕೇಳಿದೆ. "ಅಜ್ಜಾ, ನಿಮ್ಗೆ ಹ್ಯಾಂಗೆ ಗೊತ್ತಾತ್, ಯಾವ್ ಬದಿ ನಿಲ್ಸ್ಕ್ ಅಂದೇಳಿ?"

"ಕೆಮಿ ಇತ್ತಲೆ," ಎಂದು ಅಜ್ಜ ಕಿವಿ ಮುಟ್ಟಿ ತೋರಿಸಿದರು. "ಸದ್ದ್ ಕಮ್ಮಿ ಆದ್ ಬದಿಯಂಗೆ ಯಾರೋ ಎಳೀತಿಲ್ಲೆ. ಒಂದ್ ಬದಿ ಹಿಂದ್ ಬಿದ್ರೆ ಬಲೆ ಓರಿ ಆತ್, ಮೀನ್ ಎಲ್ಲಾ ಹೋತ್. ಸದ್ದ್ ಮಾಡುವರ್ ಹೆದ್ರ್ಕಿ ಇಲ್ಲೆ ಟೀಚರ್ರೆ. ಸುಮ್ನೆ ಇಪ್ಪರದ್ದೇ ಹೆದ್ರ್ಕಿ."

ನಾನು ಮರಳಿನಲ್ಲಿ ನಿಂತಲ್ಲೇ ನಿಂತೆ. ಸುಮ್ಮನೆ ಇರುವವರದ್ದೇ ಹೆದರಿಕೆ. ಇದನ್ನು ನನಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಹುಡುಗಿ ಕೂಗಿದಳು. "ಹ್ವಾಯ್ ಟೀಚರ್ರೆ, ನಿಂತ್ಕಂಡ್ ಕಾಂಬುದ್ ಎಂತಕ್ಕೆ? ಬನ್ನಿ, ಕೈ ಹಾಕಿ!"

ಸೆರಗು ಸಿಕ್ಕಿಸಿಕೊಂಡು ಕೈ ಹಾಕಿದೆ. ಹತ್ತು ನಿಮಿಷದಲ್ಲಿ ಅಂಗೈ ಸುಲಿಯಿತು. ಕೂಗುವುದಕ್ಕೆ ಮೊದಲು ನಾಚಿಕೆಯಾಯಿತು, ಆಮೇಲೆ ಕೂಗದಿದ್ದರೆ ಎಳೆಯಲಿಕ್ಕೇ ಆಗುವುದಿಲ್ಲ ಎಂದು ತಿಳಿಯಿತು. ಬಲೆ ದಡಕ್ಕೆ ಬಂದ ಮೇಲೆ ಪಾಲು ಹಂಚಿದರು. ಹಗ್ಗ ಮುಟ್ಟಿದವರಿಗೆಲ್ಲ ಪಾಲು, ಅದು ಅಲ್ಲಿಯ ಕ್ರಮ. ನನ್ನ ಮುಂದೆಯೂ ಒಂದು ಚೀಲ ಬಂಗುಡೆ ಬಂತು. ನಮ್ಮ ಮನೆಯ ಹೊಸಿಲನ್ನು ಮೀನು ದಾಟಿದ್ದಿಲ್ಲ. ಅಯ್ಯೋ ಬೇಡ ಬೇಡ ಎಂದು ಕೈ ಹಿಂದೆ ಎಳೆದುಕೊಂಡೆ. ಸುತ್ತ ಇದ್ದವರ ಮುಖಗಳು ಸಣ್ಣಗಾದವು.

ಹುಡುಗಿ ತಗ್ಗಿದ ದನಿಯಲ್ಲಿ ಹೇಳಿದಳು. "ಕೈ ಹಾಕ್ದ್ ಮೇಲೆ ಪಾಲ್ ಬ್ಯಾಡ ಅಂಬುಕಾಗ ಟೀಚರ್ರೆ. ಯಾರಿಗ್ ಬೇಕಾರೂ ಕೊಡಿ, ಇಲ್ಲ್ ತಕಣಿ."

ಅವಳು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಮರ್ಯಾದೆ ಉಳಿಸಲಿಕ್ಕೆ ಅವಳು ದನಿ ತಗ್ಗಿಸಿದ್ದಳು. ಎರಡೂ ಕೈಯಲ್ಲಿ ಚೀಲ ತೆಗೆದುಕೊಂಡೆ. ಎರಡು ಬಸ್ಸು ಹತ್ತಿ ಇಳಿದು, ಕಂಡಕ್ಟರನ ಮುಸಿಮುಸಿ ನಗೆಯನ್ನೂ ಸಹಿಸಿ, ಸಾಲಿಗ್ರಾಮದ ಪಕ್ಕದ ಮನೆಯವರಿಗೆ ಕೊಟ್ಟೆ. ಅವರು ಈಗಲೂ ಭಾನುವಾರ ಬಂದರೆ ಟೀಚರ್ ಇವತ್ತು ದಡಕ್ಕೆ ಹೋಗಲಿಲ್ಲವೇ ಎಂದು ತಮಾಷೆ ಮಾಡುತ್ತಾರೆ.

ಸೋಮವಾರ ಹೆಡ್‌ಮಾಸ್ಟರ ಮುಂದೆ ನಿಂತು, ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಅವರು ಕನ್ನಡಕ ತೆಗೆದಿಟ್ಟು ನನ್ನನ್ನು ದಿಟ್ಟಿಸಿದರು. "ಮೇಡಂ, ಇದು ಆಟ ಅಲ್ಲ. ಮೂರು ವಾರಕ್ಕೆ ತಪಾಸಣೆ ಇದೆ. ಅವತ್ತು ಆ ಕ್ಲಾಸಿಂದ ಏನಾದ್ರೂ ಎಡವಟ್ಟಾದ್ರೆ ಅದೇ ಸಂಜೆ ಅವರಮ್ಮನ್ನ ಕರೆಸಿ ಟಿಸಿ ಕೈಗೆ ಕೊಡ್ತೀನಿ. ಅಲ್ಲಿವರೆಗೆ ಇದು ಬೀರುವಿನಲ್ಲಿ ಇರುತ್ತೆ." ನಾನು ಒಪ್ಪಿದೆ. ಒಪ್ಪದೆ ಬೇರೆ ದಾರಿಯಿರಲಿಲ್ಲ.

ಅಂದೇ ಬೆಂಚುಗಳನ್ನು ಎರಡು ಸಾಲು ಮಾಡಿಸಿದೆ. ಎರಡು ಸಾಲು, ಎರಡು ಹಗ್ಗ. ಹಲಗೆಯ ಮೇಲೆ ಒಂದು ಲೆಕ್ಕ, ಬಹುಪದೋಕ್ತಿಯನ್ನು ಅಪವರ್ತಿಸುವುದು. ಸಾಲಿನ ಮೊದಲಿನವರು ಮೊದಲ ಹೆಜ್ಜೆ ಗಟ್ಟಿಯಾಗಿ ಹೇಳಬೇಕು, ಅರ್ಥವಾದವರೆಲ್ಲ ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಬೇಕು, ಆಮೇಲೆ ಎರಡನೆಯವರು ಎರಡನೇ ಹೆಜ್ಜೆ. ಅರ್ಥವಾಗದವರು ಸುಮ್ಮನಿರಬಹುದು, ಬೈಗುಳವಿಲ್ಲ. ನಡುವೆ ಅಜ್ಜನ ಜಾಗದಲ್ಲಿ ನಿಲ್ಲುವವಳು ಆ ಹುಡುಗಿ. ಎಲ್ಲಿ ಸದ್ದು ಕಮ್ಮಿಯೋ ಆ ಬದಿಯ ಕೈ ಎತ್ತಬೇಕು. ಆ ಸಾಲು ನಿಲ್ಲುತ್ತದೆ, ಪಕ್ಕದವರು ಸುಮ್ಮನಿದ್ದವರಿಗೆ ಹೇಳಿಕೊಡುತ್ತಾರೆ. ಎರಡೂ ಸಾಲಿನ ಕೊನೆಯವರೆಗೆ ಮುಟ್ಟಿದರೆ ಮಾತ್ರ ಲೆಕ್ಕ ದಡಕ್ಕೆ ಬಂದ ಹಾಗೆ.

ಮೊದಲ ವಾರ ಕೇಳಬೇಡಿ. ಪಕ್ಕದ ಕ್ಲಾಸಿನ ಹಿಂದಿ ಟೀಚರ್ ಮೂರು ಸಲ ಬಂದು ಇಣುಕಿ ಹೋದರು. ನನಗೂ ಎರಡು ಸಲ ತಾಳ್ಮೆ ತಪ್ಪಿ ಡಸ್ಟರಿಗೆ ಕೈ ಹೋಯಿತು. ಆದರೆ ಮೂರನೇ ದಿನವೇ ಒಂದು ಸಂಗತಿ ನಡೆಯಿತು. ಹುಡುಗಿ ಕೈ ಎತ್ತಿ ನಿಲ್ಲಿಸಿ, ಕಿವಿಗೊಟ್ಟು, ಸೀದಾ ಹೋಗಿ ಮುಂದಿನ ಬೆಂಚಿನ ಆ ಮಾತಾಡದ ಹುಡುಗಿಯ ಪಕ್ಕ ನಿಂತಳು.

"ಟೀಚರ್ರೆ, ಇದ್ ಒಂದ್ ಸಲವೂ ಸದ್ದ್ ಮಾಡ್ಲಿಲ್ಲೆ. ಇದ್ಕ್ ಎಂತದೂ ಗೊತ್ತಾತಿಲ್ಲೆ."

ಮುತ್ತಿನಂಥ ಅಕ್ಷರದ ಹುಡುಗಿ ತಲೆ ತಗ್ಗಿಸಿದಳು, ಕಣ್ಣಿಂದ ನೀರು ಪುಸ್ತಕದ ಮೇಲೆ ಬಿತ್ತು. ಬಳಿಗೆ ಕೂತು ಕೇಳಿದೆ. ಅವಳಿಗೆ ಐದನೇ ತರಗತಿಯ ಗುಣಾಕಾರವೇ ಸರಿಯಾಗಿ ಬರುತ್ತಿರಲಿಲ್ಲ. ನಾಲ್ಕು ವರ್ಷ ಕೈ ಕಟ್ಟಿ ಕೂತು, ಹಲಗೆಯಲ್ಲಿದ್ದದ್ದನ್ನು ಅಂದವಾಗಿ ಇಳಿಸಿಕೊಂಡು, ಎಲ್ಲ ಟೀಚರುಗಳ ಹೊಗಳಿಕೆಯ ಹಿಂದೆ ಅಡಗಿದ್ದಳು. ನಾನೂ ಹೊಗಳಿದ್ದೆ. ಅವಳನ್ನು ನೋಡಿ ಕಲಿಯಿರಿ ಎಂದಿದ್ದೆ. ಅವತ್ತು ನನಗಾದ ನಾಚಿಕೆಯನ್ನು ಏನೆಂದು ಹೇಳಲಿ? ಗಲಾಟೆಯವಳನ್ನು ಓಡಿಸಲು ಹೊರಟಿದ್ದೆ, ಮುಳುಗುತ್ತಿದ್ದವಳನ್ನು ಕಂಡೇ ಇರಲಿಲ್ಲ. ಅಂದಿನಿಂದ ಊಟದ ಬಿಡುವಿನಲ್ಲಿ ಗಲಾಟೆಯ ಹುಡುಗಿಯೇ ಅವಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸತೊಡಗಿದಳು. ನಾನು ಹೇಳಿದ್ದಲ್ಲ. ಬಿಸಿಯೂಟದ ತಟ್ಟೆ ತೊಳೆಯುವಲ್ಲೂ ಎಂಟರ ಮಗ್ಗಿ ಕೇಳುತ್ತಿತ್ತು.

ತಪಾಸಣೆಯ ದಿನ ಬಂತು. ಅಧಿಕಾರಿಗಳು ಯಾವ ಹೊತ್ತಿಗೆ ಯಾವ ಕ್ಲಾಸಿಗೆ ಬರುತ್ತಾರೆ ಎಂದು ಹೇಳಿರಲಿಲ್ಲ. ಸರಿಯಾಗಿ ನಮ್ಮ ಎರಡು ಸಾಲುಗಳೂ ಗಂಟಲು ಹರಿಯುವಂತೆ ಕೂಗುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು. ಹಿಂದೆ ಹೆಡ್‌ಮಾಸ್ಟರು, ಮುಖದಲ್ಲಿ ರಕ್ತವಿಲ್ಲ. ನಡುವೆ ನಿಂತ ಹುಡುಗಿಯ ಬೆನ್ನು ಬಾಗಿಲಿಗೆ. ಸುಮ್ಮನಿರಿ ಎಂಬ ಕೂಗು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕಚ್ಚಿ ಹಿಡಿದೆ. ಅವಳು ಬಲಗೈ ಎತ್ತಿ ಒಂದು ಸಾಲು ನಿಲ್ಲಿಸಿದಳು, ಆಮೇಲೆ ಏನೋ ಅನುಮಾನವಾಗಿ ತಿರುಗಿ ನೋಡಿ ಎರಡೂ ಕೈ ಎತ್ತಿದಳು. ಕ್ಲಾಸು ಒಂದೇ ಗಳಿಗೆಗೆ ನಿಶ್ಶಬ್ದವಾಯಿತು. ಫ್ಯಾನಿನ ಕಿರಕಿರ ಕೇಳುತ್ತಿತ್ತು.

"ಏನಿದು ಸಂತೆ?" ಅಧಿಕಾರಿ ಹುಡುಗಿಯನ್ನೇ ಕೇಳಿದರು. "ಲೀಡರ್ ನೀನಾ? ಗಲಾಟೆ ಮಾಡ್ತಿದ್ದವರು ಯಾರ್ಯಾರು, ಹೇಳು."

"ಎಲ್ಲರೂ ಸರ್," ಎಂದಳು. "ಆ ಕಿಟಕಿ ಹತ್ರ ಒಬ್ಬ ಮಾತ್ರ ಸದ್ದ್ ಮಾಡ್ಲಿಲ್ಲೆ. ಅವ್ನಿಗೆ ಲೆಕ್ಕ ಗೊತ್ತಾಯ್ಲಿಲ್ಲ್ಯಾ ಅಂದೇಳಿ ನಿಲ್ಸದ್ದ್."

ಅಧಿಕಾರಿಗೆ ಅರ್ಥವಾಯಿತೋ ಇಲ್ಲವೋ, ಹುಬ್ಬು ಗಂಟಿಕ್ಕಿ ಒಳಗೆ ಬಂದರು. ಕಣ್ಣಿಗೆ ಬಿದ್ದವಳು ಮುಂದಿನ ಬೆಂಚಿನ ಮಾತಾಡದ ಹುಡುಗಿ. ಅವಳನ್ನೇ ಎಬ್ಬಿಸಿ ಹಲಗೆಯ ಮೇಲೆ ತಮ್ಮದೇ ಒಂದು ಲೆಕ್ಕ ಬರೆದರು. ಅವಳು ಸೀಮೆಸುಣ್ಣ ಎತ್ತಿಕೊಂಡಳು. ಆದರೆ ಅವಳು ಬರೆಯುವ ಮೊದಲು ಹೇಳಿದಳು, ಗಟ್ಟಿಯಾಗಿ. ಗುಣಿಸಿದರೆ ಹನ್ನೆರಡು, ಕೂಡಿದರೆ ಏಳು, ಸಂಖ್ಯೆ ಮೂರು ಮತ್ತು ನಾಲ್ಕು. ಹೇಳಿ ಬರೆದಳು, ಬರೆದು ನಿಂತಳು, ಮುಂದಿನ ಹೆಜ್ಜೆಗೆ ಹೋಗಲಿಲ್ಲ. ಅಧಿಕಾರಿ ಕಾದರು. ಅವಳೂ ಕಾದಳು.

"ಯಾಕಮ್ಮ ನಿಂತೆ?"

"ನೀವ್ ಹೇಳ್ಕ್ ಸರ್," ಎಂದಳು. "ಸಮ ಇದ್ರೆ ದೊಡ್ಡಕ್ ತಿರ್ಗಿ ಹೇಳ್ಕ್. ಇಲ್ದಿರೆ ನಿಮ್ಗ್ ಗೊತ್ತಾಯ್ಲಿಲ್ಲೆ ಅಂತ ಲೆಕ್ಕ."

ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಅಧಿಕಾರಿ ಒಂದು ಕ್ಷಣ ಅವಳನ್ನು ನೋಡಿ, ಕೆಮ್ಮಿ, "ಮೂರು ಮತ್ತು ನಾಲ್ಕು" ಎಂದರು. ಹಿಂದಿನ ಬೆಂಚಿನಿಂದ ಯಾರೋ "ಕೇಂತಿಲ್ಲೆ ಸರ್" ಎಂದರು. ಅವರು ನಕ್ಕುಬಿಟ್ಟರು. ನಕ್ಕು, ಕಿಟಕಿ ಅದುರುವ ಹಾಗೆ ಇನ್ನೊಮ್ಮೆ ಹೇಳಿದರು. ಲೆಕ್ಕ ಮುಗಿಯುವವರೆಗೂ ಅವಳ ಜತೆ ಹೇಳುತ್ತಲೇ ಹೋದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಯಾರಾದರೂ ಮಾತಾಡಿಸಿದ್ದರೆ ಹೆಮ್ಮೆಯಿಂದ ಅತ್ತೇ ಬಿಡುತ್ತಿದ್ದೆ.

ಎಡವಟ್ಟು ಆಗಿಯೇ ಆಗುತ್ತದೆಂದು ಹೆಡ್‌ಮಾಸ್ಟರು ಮೊದಲೇ ಹೇಳಿಕಳಿಸಿದ್ದರಿಂದ ಆ ಸಂಜೆ ಗಲಾಟೆಯ ಹುಡುಗಿಯ ಅಮ್ಮ ಬಂದಿದ್ದರು. ಟಿಸಿ ತೆಗೆದುಕೊಂಡು ಹೋಗಲಿಕ್ಕೆಂದೇ ಬಂದವರು, ಒಗೆದ ಸೀರೆ ಉಟ್ಟಿದ್ದರು. ಹುಡುಗಿ ಪಕ್ಕದಲ್ಲಿದ್ದಳು. ಹೆಡ್‌ಮಾಸ್ಟರು, "ಮಗಳು ಇಲ್ಲೇ ಓದಲಿ, ನೀವು ನಿಶ್ಚಿಂತೆಯಾಗಿ ಹೋಗಿ" ಎಂದರು. ಅಮ್ಮ ಕದಲಲಿಲ್ಲ.

"ಆ ಕಾಗ್ದ ಎಲ್ಲಿತ್ತ್ ಸರ್? ಅದ್ ಎಂತ ಮಾಡ್ತ್ರಿ ಕಂಡೇ ಹೋತೆ."

ಸರ್ಕಾರಿ ಪುಸ್ತಕದ ಹಾಳೆ, ಹರಿಯುವ ಹಾಗಿಲ್ಲ. ಹೆಡ್‌ಮಾಸ್ಟರು ಬೀರುವಿನಿಂದ ಪುಸ್ತಕ ತೆಗೆದು, ಹಾಳೆಯ ಅಡ್ಡಕ್ಕೆ ಕೆಂಪು ಶಾಯಿಯಲ್ಲಿ 'ರದ್ದು' ಎಂದು ಬರೆದು ಸಹಿ ಹಾಕಿದರು. "ಎಂತ ಬರ್ದದ್ದ್ ಓದ್ ಕಾಂಬ," ಎಂದು ಅಮ್ಮ ಮಗಳಿಗೆ ಹೇಳಿದರು. ಹುಡುಗಿ ಬಗ್ಗಿ ಮೇಲಿನಿಂದ ಓದತೊಡಗಿದಳು. ತನ್ನ ಹೆಸರು, ಅಮ್ಮನ ಹೆಸರು, ಹುಟ್ಟಿದ ದಿನ, ತರಗತಿ. ಒಂದು ಕಡೆ ಬಂದು ನಿಲ್ಲಿಸಿದಳು. ನಾನು ಬರೆದ ಸಾಲು ಅದು. ನಡತೆ, ಕೆಟ್ಟದ್ದು. ಕೆಳಗೆ ನನ್ನ ಸಹಿ.

ಅವಳು ಅದನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ನನ್ನನ್ನು ನೋಡಿದಳು.

"ಇದ್ ನಿಮ್ದೇ ಸೈ ಅಲ್ದಾ ಟೀಚರ್ರೆ?"

"ಹೌದ್ ಮಗಾ. ನಾನೇ ಬರ್ದದ್ದ್."

"ಅದು ರದ್ದಾಗಿರೋ ಹಾಳೆ, ಇನ್ನು ಯಾರೂ ನೋಡಲ್ಲ. ಬಿಡಮ್ಮ," ಎಂದರು ಹೆಡ್‌ಮಾಸ್ಟರು.

"ರದ್ದಾರೂ ತಪ್ಪ್ ತಪ್ಪೇ ಅಲ್ದಾ ಸರ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಾದರೆ ಗೀಚಿ ಹಾಳು ಮಾಡಬೇಡಿ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ ಎಂದು ದಿನವೂ ಅವರಿಗೆ ಹೇಳುವವಳು ನಾನೇ. ಅವಳು ಜಡೆ ಹಿಂದಕ್ಕೆ ಹಾಕಿ, ಮೇಜಿನ ಮೇಲಿದ್ದ ಪೆನ್ನನ್ನು ತೆಗೆದು ನನ್ನ ಕಡೆ ಚಾಚಿದಳು.

ನಾನು ಪೆನ್ನು ತೆಗೆದುಕೊಂಡು ಆ ಪದದ ಮೇಲೆ ಒಂದೇ ಒಂದು ಗೆರೆ ಎಳೆದೆ. ಪಕ್ಕದಲ್ಲಿ 'ಬಹಳ ಒಳ್ಳೆಯದು' ಎಂದು ಬರೆದು ಮತ್ತೆ ಸಹಿ ಹಾಕಿದೆ. ಹುಡುಗಿ ಅದನ್ನು ಅಮ್ಮನಿಗೆ ಓದಿ ಹೇಳಿದಳು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಇನ್ನೊಂದ್ ಸಲ ಓದ್ ಹೆಣೆ," ಎಂದರು. "ದೊಡ್ಡಕ್ ಓದ್."